ಉತ್ತರ ಕನ್ನಡದ ಮಳೆಗಾಲಕ್ಕೆ ಕಡಿಮೆ ಬೆಲೆಯ ಜನರೇಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ, ಕೈಗಾದಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ 4 ಅಣು ವಿದ್ಯುತ್ ಘಟಕಗಳಿವೆ. ಇಷ್ಟೆಲ್ಲ ವಿದ್ಯುತ್ ಹುಟ್ಟುವ ಜಿಲ್ಲೆಯಲ್ಲಿಯೇ ಆಷಾಢದ ಮಳೆ ಹಿಡಿದರೆ ಹಳ್ಳಿಗಳು ದಿನಗಟ್ಟಲೆ ಕತ್ತಲೆಯಲ್ಲಿರುತ್ತವೆ. ಇದಕ್ಕೆ ಕಾರಣ ವಿದ್ಯುತ್ತಿನ ಕೊರತೆಯಲ್ಲ. 11 ಕೆವಿ ತಂತಿಗಳು ಕಾಡಿನ ನಡುವೆ ಹಾದು ಬರುವುದರಿಂದ ಒಂದು ಮರ ಬಿದ್ದರೂ ಹತ್ತಾರು ಮಜರೆಗಳ ಸಂಪರ್ಕ ತಪ್ಪುತ್ತದೆ, ಅದನ್ನು ಸರಿಪಡಿಸಬೇಕಾದ ಲೈನ್‌ಮನ್‌ಗಳು ಅದೇ ಮಳೆಯಲ್ಲಿ, ಅದೇ ಕೆಸರಿನಲ್ಲಿ ನಡೆದು ಬರಬೇಕಾಗುತ್ತದೆ. 2021ರ ಮೇ ತಿಂಗಳಿನ ತೌಕ್ತೆ ಚಂಡಮಾರುತ ಮತ್ತು 2024ರ ಜುಲೈನಲ್ಲಿ ಅಂಕೋಲಾ ಸಮೀಪದ ಶಿರೂರಿನಲ್ಲಿ ಗುಡ್ಡ ಕುಸಿದ ಬಳಿಕ ಮನೆಗೊಂದು ಚಿಕ್ಕ ಪೆಟ್ರೋಲ್ ಜನರೇಟರ್ ಇರಲಿ ಎಂದು ಯೋಚಿಸುವವರಿಗೆ ಈ ಉತ್ತರಗಳು ನೆರವಾಗಬಹುದು.

ನಮ್ಮ ಮನೆಯಲ್ಲಿ ಇನ್ವರ್ಟರ್ ಇದೆ. ಅದಾದ ಮೇಲೂ ಜನರೇಟರ್ ಬೇಕೇ?

ನಿಮ್ಮಲ್ಲಿ ವಿದ್ಯುತ್ ಹೋದರೆ ನಾಲ್ಕಾರು ತಾಸಿನೊಳಗೆ ಮರಳಿ ಬರುತ್ತದೆ ಎಂದಾದರೆ ಬೇಡ, ಆ ಹಣವನ್ನು ಒಳ್ಳೆಯ ಬ್ಯಾಟರಿಗೆ ಹಾಕುವುದೇ ಲೇಸು. 12 ವೋಲ್ಟ್, 150 ಆಂಪಿಯರ್-ಅವರ್‌ನ ಒಂದು ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ವಿದ್ಯುತ್ ಇರುತ್ತದೆ. ಇನ್ವರ್ಟರ್‌ನಲ್ಲಿ ಆಗುವ ನಷ್ಟ ಕಳೆದು ಕೈಗೆ ಸಿಗುವ ಅಷ್ಟರಲ್ಲಿ ಕೆಲವು ದೀಪ ಮತ್ತು ಎರಡು ಫ್ಯಾನ್ ಒಂದು ರಾತ್ರಿ ನಡೆಯುತ್ತವೆ. ತೊಂದರೆ ಬರುವುದು ಎರಡನೆಯ ದಿನ: ಆ ಹೊತ್ತಿಗೆ ಬ್ಯಾಟರಿ ಬರಿದಾಗಿರುತ್ತದೆ, ಟಾಕಿಯಲ್ಲಿ ನೀರು ಮುಗಿದಿರುತ್ತದೆ, ಫ್ರಿಜ್‌ನಲ್ಲಿಟ್ಟ ಇನ್ಸುಲಿನ್ ಬೆಚ್ಚಗಾಗತೊಡಗುತ್ತದೆ, ಮೊಬೈಲ್ ಗೋಪುರವೂ ಕೈಕೊಟ್ಟಿರುತ್ತದೆ. ಛಾವಣಿಯ ಸೌರಫಲಕಗಳು ಬೇಸಿಗೆಯಲ್ಲಿ ಎಷ್ಟೇ ಚೆನ್ನಾಗಿ ನಡೆದರೂ, ಮೋಡ ಕವಿದು ವಾರಗಟ್ಟಲೆ ಬಿಸಿಲು ಕಾಣದ ಜುಲೈ ತಿಂಗಳಿನಲ್ಲಿ ಅವುಗಳ ಮೇಲೊಂದನ್ನೇ ನೆಚ್ಚಿಕೊಳ್ಳಲಾಗದು.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಇನ್ವರ್ಟರ್ ಇರುವ ಮನೆಗೆ ಜನರೇಟರ್ ಬೇಕಾಗುವುದು ಇಡೀ ದಿನ ಓಡಿಸಲಿಕ್ಕಲ್ಲ, ದಿನಕ್ಕೆ ಎರಡು-ಮೂರು ತಾಸು ಓಡಿಸಿ ನೀರೆತ್ತಿಕೊಳ್ಳಲು, ಫ್ರಿಜ್ ತಣ್ಣಗಿಡಲು ಮತ್ತು ಬ್ಯಾಟರಿಯನ್ನು ಆದಷ್ಟು ತುಂಬಿಸಿಕೊಳ್ಳಲು. ಹೀಗೆ ಯೋಚಿಸಿದರೆ ಚಿಕ್ಕ ಯಂತ್ರವೇ ಸಾಕಾಗುತ್ತದೆ, ಉಳಿದ ಹಣವನ್ನು ಅದರ ಸುರಕ್ಷಿತ ಜೋಡಣೆಗೆ ಬಳಸಬಹುದು.

ಎಷ್ಟು ಕೆವಿಎ ಜನರೇಟರ್ ಕೊಳ್ಳಬೇಕು?

ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಕಾಗದ, ಪೆನ್ನು ಹಿಡಿದು ಲೆಕ್ಕ ಹಾಕಬೇಕು. 9 ವಾಟ್‌ನ ಆರು ಎಲ್‌ಇಡಿ ದೀಪಗಳಿಗೆ 54 ವಾಟ್, ಹಳೆಯ ಮಾದರಿಯ ಎರಡು ಫ್ಯಾನ್‌ಗಳಿಗೆ 150, ಟಿವಿಗೆ 80, ವೈಫೈ ರೂಟರ್‌ಗೆ 10, ಮೊಬೈಲ್ ಚಾರ್ಜರ್‌ಗಳಿಗೆ 30, ಇನ್ವರ್ಟರ್‌ನ ಬ್ಯಾಟರಿ ತುಂಬಲು ಸುಮಾರು 250, ಫ್ರಿಜ್‌ಗೆ 150 ಎಂದು ಹಿಡಿದರೆ ಒಟ್ಟು 724 ವಾಟ್ ಆಗುತ್ತದೆ. ಆದರೆ ಇಷ್ಟಕ್ಕೇ 750 ವಾಟ್‌ನ ಯಂತ್ರ ತಂದರೆ ಕೆಲಸ ಕೆಡುತ್ತದೆ. ಫ್ರಿಜ್‌ನ ಕಂಪ್ರೆಸರ್ ಆಗಲಿ, ಪಂಪಿನ ಮೋಟರ್ ಆಗಲಿ, ತಿರುಗಲು ಆರಂಭಿಸುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಹೆಚ್ಚು ವಿದ್ಯುತ್ ಎಳೆಯುತ್ತದೆ. 150 ವಾಟ್‌ನ ಫ್ರಿಜ್ ಆ ಒಂದು ಕ್ಷಣಕ್ಕೆ 800 ವಾಟ್ ಕೇಳಿದರೆ ಒಟ್ಟು ಹೊರೆ 1,374 ವಾಟ್‌ಗೆ ಏರುತ್ತದೆ. ಇನ್ವರ್ಟರ್ ಕಂಪ್ರೆಸರ್ ಇರುವ ಹೊಸ ಫ್ರಿಜ್‌ಗಳು ನಿಧಾನವಾಗಿ ವೇಗ ಪಡೆಯುವುದರಿಂದ ಅವುಗಳಲ್ಲಿ ಈ ಎಳೆತ ಬಹಳ ಕಡಿಮೆ.

ಇನ್ನು ಕೆವಿಎ ಮತ್ತು ಕಿಲೋವಾಟ್ ಒಂದೇ ಅಲ್ಲ. ಕೆವಿಎಯಲ್ಲಿ ನಿಜಕ್ಕೂ ಕೆಲಸಕ್ಕೆ ಸಿಗುವ ಪಾಲನ್ನು ಪವರ್ ಫ್ಯಾಕ್ಟರ್ ಎನ್ನುತ್ತಾರೆ. 0.8 ಪವರ್ ಫ್ಯಾಕ್ಟರ್ ಎಂದು ಬರೆದಿರುವ 2 ಕೆವಿಎ ಯಂತ್ರ ಕೊಡುವುದು 1,600 ವಾಟ್. ಮೇಲಿನ ಮನೆಗೆ ಇಷ್ಟು ಸಾಕು. ಫಲಕದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವುದು ಹೆಚ್ಚಾಗಿ ಗರಿಷ್ಠ ಸಾಮರ್ಥ್ಯ, ಅದನ್ನು ಯಂತ್ರ ಕೆಲವೇ ನಿಮಿಷ ತಾಳಬಲ್ಲದು. ನಿಮ್ಮ ಲೆಕ್ಕಕ್ಕೆ ಹಿಡಿಯಬೇಕಾದದ್ದು ಸತತವಾಗಿ ಕೊಡಬಲ್ಲ ಸಾಮರ್ಥ್ಯವನ್ನು ತಿಳಿಸುವ, ಚಿಕ್ಕದಾಗಿ ಬರೆದಿರುವ ‘ರೇಟೆಡ್’ ಅಂಕಿಯನ್ನು. ದಿನನಿತ್ಯದ ಹೊರೆ ಅದರ ಮುಕ್ಕಾಲು ಭಾಗದೊಳಗೆ ಇರಲಿ.

ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿ ಪೆಟ್ಟಿಗೆಗಳನ್ನು ಪಟ್ಟಿಯಿಂದ ಬಿಡಿ. ಬಚ್ಚಲ ಹಂಡೆಗೆ ಬೆಂಕಿ ಹಾಕುವ ಜಿಲ್ಲೆಯಲ್ಲಿ 2,000 ವಾಟ್‌ನ ಗೀಸರ್‌ಗಾಗಿ ದೊಡ್ಡ ಜನರೇಟರ್ ತರುವ ಅಗತ್ಯವಿಲ್ಲ.

ಬಾವಿಯ ಪಂಪು ನಡೆಯುತ್ತದೆಯೇ?

ಅರ್ಧ ಎಚ್‌ಪಿ ಪಂಪು ಸಾಮಾನ್ಯವಾಗಿ 2 ಕೆವಿಎ ಯಂತ್ರದಲ್ಲಿ ನಡೆಯುತ್ತದೆ, ಆದರೆ ಆಗ ಅದೊಂದನ್ನೇ ನಡೆಸಬೇಕು. ಫ್ರಿಜ್ ಸ್ವಿಚ್ ಆರಿಸಿ, ಮೊದಲು ಪಂಪು ಚಾಲೂ ಮಾಡಿ, ಟಾಕಿ ತುಂಬಿದ ನಂತರ ಉಳಿದವನ್ನು ಒಂದೊಂದಾಗಿ ಹಾಕಬೇಕು. 1 ಎಚ್‌ಪಿ ಎಂದರೆ 746 ವಾಟ್, ಮೋಟರ್‌ನ ನಷ್ಟವೂ ಸೇರಿ ಅದು ಸುಮಾರು 1,000 ವಾಟ್ ಎಳೆಯುತ್ತದೆ, ಆರಂಭದ ಕ್ಷಣದಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು ಕೇಳಬಹುದು. ಹೀಗಾಗಿ 1 ಎಚ್‌ಪಿ ಪಂಪು, ಅದರಲ್ಲೂ ಸಬ್‌ಮರ್ಸಿಬಲ್ ಇದ್ದರೆ, 3 ಕಿಲೋವಾಟ್‌ನ ಆಸುಪಾಸಿನ ಯಂತ್ರವನ್ನೇ ನೋಡಬೇಕು. ಕೊಳ್ಳುವ ಮೊದಲು ಅದೇ ಮಾದರಿಯನ್ನು ನಿಮ್ಮ ಪಂಪಿಗೆ ಜೋಡಿಸಿ ತೋರಿಸಿ ಎಂದು ಅಂಗಡಿಯವರನ್ನು ಕೇಳಲು ಸಂಕೋಚ ಬೇಡ. ತೋಟಕ್ಕೆ ನೀರು ಬಿಡುವ ತ್ರೀ ಫೇಸ್ ಪಂಪ್‌ಸೆಟ್ಟು ಈ ಚಿಕ್ಕ ಸಿಂಗಲ್ ಫೇಸ್ ಯಂತ್ರಗಳಲ್ಲಿ ನಡೆಯುವುದಿಲ್ಲ.

ಅಗ್ಗದ ಯಂತ್ರದಲ್ಲಿ ಯಾವುದನ್ನು ನೋಡಿ ಕೊಳ್ಳಬೇಕು?

ಮೊದಲನೆಯದಾಗಿ ಫೋರ್‌ಸ್ಟ್ರೋಕ್ ಎಂಜಿನ್ ಇರಲಿ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಟೂಸ್ಟ್ರೋಕ್ ಯಂತ್ರಗಳು ಬೆಲೆಯಲ್ಲಿ ಕಡಿಮೆ, ಎತ್ತಲು ಹಗುರ, ಆದರೆ ಹೊಗೆ ಮತ್ತು ಗದ್ದಲ ವಿಪರೀತ. ಎರಡನೆಯದಾಗಿ ಯಂತ್ರ 230 ವೋಲ್ಟ್, 50 ಹರ್ಟ್ಜ್‌ನದ್ದೇ ಎಂದು ಫಲಕದಲ್ಲಿ ಓದಿ ಖಚಿತಪಡಿಸಿಕೊಳ್ಳಬೇಕು. ಬೇರೆ ದೇಶಗಳಿಗೆಂದು ತಯಾರಾದ 110 ವೋಲ್ಟ್, 60 ಹರ್ಟ್ಜ್‌ನ ಯಂತ್ರಗಳು ನಮ್ಮ ಮನೆಗಳಿಗೆ ಹೊಂದುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಯಮದಂತೆ ಪ್ರಮಾಣೀಕೃತವಾದ ಗುರುತು, ಎಣ್ಣೆ ಕಡಿಮೆಯಾದರೆ ತಾನಾಗಿ ನಿಲ್ಲುವ ವ್ಯವಸ್ಥೆ, ವೋಲ್ಟೇಜನ್ನು ಹತೋಟಿಯಲ್ಲಿಡುವ ಎವಿಆರ್, ಹೊರೆ ಮೀರಿದರೆ ಬೀಳುವ ಬ್ರೇಕರ್, ಇವಿಷ್ಟೂ ಇರಬೇಕು. ವಿದ್ಯುತ್ ಹುಟ್ಟಿಸುವ ಭಾಗವಾದ ಆಲ್ಟರ್ನೇಟರ್‌ನ ಸುರುಳಿ ತಾಮ್ರದ್ದೋ ಅಲ್ಯೂಮಿನಿಯಂನದ್ದೋ ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.

ಇವೆಲ್ಲಕ್ಕಿಂತ ಮುಖ್ಯವೆಂದು ನನಗೆ ತೋರುವುದು ರಿಪೇರಿಯ ಅನುಕೂಲ. ಕಡಿಮೆ ಬೆಲೆಯ ಬಹಳಷ್ಟು ಜನರೇಟರ್‌ಗಳಲ್ಲಿರುವುದು ಹೋಂಡಾದ ಜಿಎಕ್ಸ್ 160, ಜಿಎಕ್ಸ್ 200 ಮಾದರಿಗಳ ವಿನ್ಯಾಸವನ್ನೇ ಹೋಲುವ ಎಂಜಿನ್. ಇದೇ ಬಗೆಯ ಎಂಜಿನ್ ಪವರ್ ವೀಡರ್‌ಗಳಲ್ಲಿ, ಔಷಧಿ ಹೊಡೆಯುವ ಯಂತ್ರಗಳಲ್ಲಿ ಇರುವುದರಿಂದ ತೋಟದ ಯಂತ್ರಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್‌ಗಳಿಗೆ ಇದರ ಕಾರ್ಬ್ಯುರೇಟರ್, ಎಳೆಯುವ ಹಗ್ಗದ ಸ್ಟಾರ್ಟರ್, ಪ್ಲಗ್ ಎಲ್ಲವೂ ಪರಿಚಿತ. ಹೆಸರೇ ಕೇಳದ ವಿನ್ಯಾಸದ ಯಂತ್ರವನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡರೆ, ಒಂದು ಸಣ್ಣ ಗ್ಯಾಸ್ಕೆಟ್ಟಿಗಾಗಿ ಇಡೀ ಮಳೆಗಾಲ ಕಾಯಬೇಕಾಗಬಹುದು. ವಾರಂಟಿ ಇದೆ ಎಂದರೆ ಸಾಲದು, ಯಂತ್ರವನ್ನು ಎಲ್ಲಿಗೆ ಹೊತ್ತೊಯ್ಯಬೇಕು ಎಂಬುದನ್ನೂ ಕೇಳಿಕೊಳ್ಳಬೇಕು.

ಇನ್ವರ್ಟರ್ ಜನರೇಟರ್ ಎಂದರೇನು? ಟಿವಿ, ಲ್ಯಾಪ್‌ಟಾಪ್‌ಗೆ ಅದೇ ಬೇಕೇ?

ಮಾಮೂಲಿ ಜನರೇಟರ್‌ನ ಎಂಜಿನ್ ಹೊರೆ ಇರಲಿ ಬಿಡಲಿ ನಿಮಿಷಕ್ಕೆ ಸುಮಾರು 3,000 ಸುತ್ತು ತಿರುಗಲೇಬೇಕು, ಆಗ ಮಾತ್ರ 50 ಹರ್ಟ್ಜ್ ಬರುತ್ತದೆ. ಇನ್ವರ್ಟರ್ ಜನರೇಟರ್‌ನಲ್ಲಿ ಹುಟ್ಟಿದ ವಿದ್ಯುತ್ತನ್ನು ಒಳಗಿನ ಎಲೆಕ್ಟ್ರಾನಿಕ್ ಭಾಗ ಶುದ್ಧ ರೂಪಕ್ಕೆ ಪರಿವರ್ತಿಸುತ್ತದೆ, ಹೊರೆ ಕಡಿಮೆ ಇದ್ದಾಗ ಎಂಜಿನ್ ನಿಧಾನಿಸುತ್ತದೆ. ಸದ್ದು ಕಡಿಮೆ, ಪೆಟ್ರೋಲೂ ಉಳಿತಾಯ, ಆದರೆ ಹೆಸರಾಂತ ಕಂಪನಿಯದಾದರೆ ಬೆಲೆ ಎರಡು-ಮೂರು ಪಟ್ಟಾಗುತ್ತದೆ. ಎವಿಆರ್ ಸರಿಯಾಗಿರುವ ಸಾಮಾನ್ಯ ಯಂತ್ರದಲ್ಲಿ ಟಿವಿ, ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರ್‌ಗಳು ನಡೆಯುತ್ತವೆ. ಎಂಜಿನ್ ಚಾಲೂ ಮಾಡುವಾಗ ಮತ್ತು ನಿಲ್ಲಿಸುವಾಗ ಹೊರೆ ಸಂಪೂರ್ಣ ಕಡಿದಿರಬೇಕು ಎಂಬುದನ್ನು ಮಾತ್ರ ಮರೆಯಬಾರದು, ಉಪಕರಣಗಳು ಹಾಳಾಗುವುದು ಹೆಚ್ಚಾಗಿ ಆ ಎರಡು ಹೊತ್ತಿನಲ್ಲೇ.

ಹೊರಗೆ ಧಾರಾಕಾರ ಮಳೆ. ಜನರೇಟರನ್ನು ಜಗಲಿಯಲ್ಲಿಯೋ ಕೊಟ್ಟಿಗೆಯಲ್ಲಿಯೋ ಇಡಬಹುದೇ?

ಇಡಬಾರದು. ಈ ಪುಟದಲ್ಲಿ ಬೇರೆ ಯಾವ ಉತ್ತರವನ್ನು ಮರೆತರೂ ಇದನ್ನು ಮರೆಯಬೇಡಿ.

ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವುದರಿಂದ ಉಸಿರಾಟ ನಡೆದಿದ್ದರೂ ದೇಹಕ್ಕೆ ಆಮ್ಲಜನಕ ಸಿಗುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆಗಳು ಮೊದಲ ಲಕ್ಷಣಗಳು. ಮಲಗಿರುವವರಿಗೆ ಅವೂ ತಿಳಿಯದೆ ನಿದ್ದೆಯಲ್ಲಿಯೇ ಪ್ರಾಣ ಹೋಗುತ್ತದೆ.

ಹಂಚಿನ ಮನೆಯಲ್ಲಿ ಗಾಳಿ ಆಡುತ್ತದೆ, ಏನೂ ಆಗದು ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಆದರೆ ಮಳೆಗಾಲದ ಜಗಲಿ ಬೇಸಿಗೆಯ ಜಗಲಿಯಂತಿರುವುದಿಲ್ಲ. ಇರಚಲು ಹೊಡೆಯದಿರಲೆಂದು ಸೂರಿನಿಂದ ನೆಲದವರೆಗೆ ತಟ್ಟಿಯನ್ನೋ ತಾಡಪಾಲನ್ನೋ ಕಟ್ಟಿರುತ್ತೇವೆ, ಕಿಟಕಿಗಳನ್ನೆಲ್ಲ ಮುಚ್ಚಿರುತ್ತೇವೆ, ಬಾಗಿಲು ಮಾತ್ರ ಒಳಕ್ಕೆ ತೆರೆದಿರುತ್ತದೆ. ಅಲ್ಲಿಟ್ಟ ಜನರೇಟರ್‌ನ ಹೊಗೆಗೆ ಮನೆಯೊಳಗೆ ಹೋಗದೆ ಬೇರೆ ದಾರಿಯೇ ಇರುವುದಿಲ್ಲ. ಕೊಟ್ಟಿಗೆಯಲ್ಲಿಟ್ಟರೆ ದನಕರುಗಳಿಗೂ ಅಪಾಯ, ಹುಲ್ಲು, ಸೊಪ್ಪಿನ ಪಕ್ಕದಲ್ಲಿ ಕಾದ ಸೈಲೆನ್ಸರ್ ಇದ್ದರೆ ಬೆಂಕಿಯ ಭಯವೂ ಉಂಟು.

ಸರಿಯಾದ ಕ್ರಮ ಇದು. ಮನೆಯ ಬಾಗಿಲು, ಕಿಟಕಿಗಳಿಂದ ಕನಿಷ್ಠ 20 ಅಡಿ ದೂರದಲ್ಲಿ, ನೀರು ನಿಲ್ಲದ ಎತ್ತರದ ಜಾಗದಲ್ಲಿ ಚಿರೆಕಲ್ಲಿನ ಒಂದು ಕಟ್ಟೆ ಕಟ್ಟಿಸಿ, ನಾಲ್ಕು ಕಂಬ ನೆಟ್ಟು, ತಗಡಿನ ಮಾಡು ಹೊದಿಸಬೇಕು. ಸೋಗೆಯ ಮಾಡು ಬೇಡ, ಅದಕ್ಕೆ ಬೆಂಕಿ ತಗಲೀತು. ಮಾಡು ನಾಲ್ಕೂ ಕಡೆಗೆ ಒಂದೆರಡು ಅಡಿ ಚಾಚಿರಲಿ, ಗೋಡೆ ಮಾತ್ರ ಇರಬಾರದು. ನಮ್ಮ ಮಳೆಗಾಲದ ಗಾಳಿ ಪಡುವಣದಿಂದಲೂ ನೈರುತ್ಯದಿಂದಲೂ ಬೀಸುವುದರಿಂದ, ಮನೆಯ ಪೂರ್ವದ ಕಡೆ ಈ ಮಾಡು ಇದ್ದರೆ ಹೊಗೆ ಮನೆಯಿಂದ ಆಚೆಗೇ ಹೋಗುತ್ತದೆ. ಸೈಲೆನ್ಸರ್‌ನ ಬಾಯಿಯೂ ಆಚೆಗೇ ಮುಖ ಮಾಡಿರಲಿ. ಮಲಗುವ ಕೋಣೆಯಲ್ಲಿ ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ತೂಗುಹಾಕುವುದು ಒಳ್ಳೆಯದು. ಯಾರಿಗಾದರೂ ತಲೆ ಸುತ್ತಿದರೆ ಕೂಡಲೇ ಅವರನ್ನು ಬಯಲಿಗೆ ಕರೆತಂದು 108ಕ್ಕೆ ಕರೆ ಮಾಡಬೇಕು.

ಪಂಪಿನ ಪ್ಲಗ್ ಪಾಯಿಂಟ್‌ಗೇ ಎರಡೂ ಕಡೆ ಪಿನ್ ಇರುವ ವೈರ್ ಸಿಕ್ಕಿಸಿ ಮನೆಗೆಲ್ಲ ವಿದ್ಯುತ್ ಕೊಡಬಹುದಲ್ಲ?

ಹಾಗೆ ಮಾಡುವವರಿದ್ದಾರೆ, ಅದು ಕೊಲೆಗೆ ಸಮಾನವಾದ ಅಪಾಯ. ಮೇನ್ ಸ್ವಿಚ್ ಆರಿಸಲು ಒಮ್ಮೆ ಮರೆತರೂ ನಿಮ್ಮ ಜನರೇಟರ್‌ನ 230 ವೋಲ್ಟ್ ಸರ್ವಿಸ್ ವೈರ್ ಮೂಲಕ ಕಂಬಕ್ಕೆ ಹೋಗುತ್ತದೆ. ಅಲ್ಲಿಂದ ಟ್ರಾನ್ಸ್‌ಫಾರ್ಮರ್‌ನ್ನು ಹಿಮ್ಮುಖವಾಗಿ ಹೊಕ್ಕರೆ ಅದೇ ವಿದ್ಯುತ್ 11,000 ವೋಲ್ಟ್ ಆಗಿ ಹೊರಬರಬಲ್ಲದು. ಆ ಹೊತ್ತಿಗೆ ಲೈನ್ ಆಫ್ ಇದೆ ಎಂದು ನಂಬಿ, ನೆನೆದ ಮೈಯಲ್ಲಿ, ನಿಮ್ಮ ಮನೆಗೇ ಬೆಳಕು ತರಲೆಂದು ಲೈನ್‌ಮನ್ ಕಂಬದ ಮೇಲಿರುತ್ತಾನೆ. ಸಾಲದ್ದಕ್ಕೆ, ಅಂಥ ವೈರ್‌ನ ಒಂದು ತುದಿ ಕಳಚಿ ಬಿದ್ದರೆ ಅದರ ಪಿನ್ನುಗಳು ಮುಟ್ಟಿದವರನ್ನು ಹಿಡಿಯುತ್ತವೆ.

ಇದಕ್ಕೆ ಚೇಂಜ್‌ಓವರ್ ಸ್ವಿಚ್ ಒಂದೇ ಪರಿಹಾರ. ಸ್ವಿಚ್ಚಿನ ಹಿಡಿಕೆ ಒಂದು ಬದಿಗೆ ಇದ್ದಾಗ ಹೆಸ್ಕಾಂ (ಇಲ್ಲಿಗೆ ವಿದ್ಯುತ್ ಪೂರೈಸುವ ಕಂಪನಿ), ಮತ್ತೊಂದು ಬದಿಗೆ ಇದ್ದಾಗ ಜನರೇಟರ್, ಎರಡೂ ಏಕಕಾಲಕ್ಕೆ ಸೇರಲು ಸಾಧ್ಯವೇ ಇಲ್ಲದ ಹಾಗೆ ಅದರ ರಚನೆ ಇರುತ್ತದೆ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್ಚನ್ನೇ ಹಾಕಿಸಬೇಕು. ಈ ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ದು. ಜನರೇಟರ್‌ನ ನ್ಯೂಟ್ರಲ್ ಮತ್ತು ಅರ್ತಿಂಗ್ ಸಂಬಂಧವನ್ನು ಅವರಿಂದಲೇ ಪರೀಕ್ಷೆ ಮಾಡಿಸಿ. ಅದು ಸರಿಯಿಲ್ಲದಿದ್ದರೆ ಶಾಕ್ ತಗಲಿದಾಗ ಬೀಳಬೇಕಾದ ಆರ್‌ಸಿಸಿಬಿ ಬೀಳದೇ ಇರಬಹುದು. ಜೋಡಣೆ ಮುಗಿದ ಮೇಲೆ ಹೆಸ್ಕಾಂನ ಶಾಖಾ ಕಚೇರಿಗೆ ತಿಳಿಸಿರಿ, ಊರಿನ ಲೈನ್‌ಮನ್‌ಗೂ ಹೇಳಿರಿ. ಯಾವ ಮನೆಯಲ್ಲಿ ಜನರೇಟರ್ ಇದೆ ಎಂದು ಗೊತ್ತಿರುವುದು ಅವರ ಜೀವಕ್ಕೆ ರಕ್ಷಣೆ.

ಯಂತ್ರದಿಂದ ಮನೆಗೆ ಎಳೆಯುವ ಕೇಬಲ್ 2.5 ಚದರ ಮಿ.ಮೀ. ತಾಮ್ರದ, ಮೂರು ಎಳೆಯದ್ದಾಗಿರಲಿ. ಬಾವಿ ದೂರವಿದ್ದು ಅಲ್ಲಿಯವರೆಗೆ ಎಳೆಯುವುದಾದರೆ 4 ಚದರ ಮಿ.ಮೀ. ಬೇಕಾದೀತು. ಬಟ್ಟೆ ಒಣಗಿಸುವ ತಂತಿಗೆ ಸುತ್ತಿ ತರುವ ತೆಳುವಾದ ವೈರ್ ಬೇಡವೇ ಬೇಡ.

ಜನರೇಟರ್ ಓಡುತ್ತಿದ್ದರೂ ಮನೆಯ ಇನ್ವರ್ಟರ್ ಚಾರ್ಜ್ ಆಗುತ್ತಿಲ್ಲ. ಏಕೆ?

ಇನ್ವರ್ಟರ್‌ನ ಹಿಂಬದಿಯಲ್ಲಿ ಅಥವಾ ಮುಂಭಾಗದಲ್ಲಿ ಒಂದು ಚಿಕ್ಕ ಸ್ವಿಚ್ ಇರುತ್ತದೆ. ಅದು ‘ಯುಪಿಎಸ್’ ಕಡೆಗಿದ್ದರೆ ವೋಲ್ಟೇಜ್ ಸ್ವಲ್ಪ ಏರಿಳಿದರೂ ಇನ್ವರ್ಟರ್ ಆ ವಿದ್ಯುತ್ತನ್ನು ಒಪ್ಪಿಕೊಳ್ಳುವುದಿಲ್ಲ. ಅದನ್ನು ‘ನಾರ್ಮಲ್’ ಅಥವಾ ‘ವೈಡ್’ ಕಡೆಗೆ ತಿರುಗಿಸಿದರೆ ಹೆಚ್ಚಿನ ಸಂದರ್ಭಗಳಲ್ಲಿ ಚಾರ್ಜ್ ಆಗತೊಡಗುತ್ತದೆ. ಬರಿದಾದ ಬ್ಯಾಟರಿ ಪೂರ್ತಿ ತುಂಬಲು ಹತ್ತು ತಾಸಿಗೂ ಹೆಚ್ಚು ಬೇಕಾಗುವುದರಿಂದ ಮೂರು ತಾಸಿನಲ್ಲಿ ಅದು ಭಾಗಶಃ ಮಾತ್ರ ತುಂಬುತ್ತದೆ, ರಾತ್ರಿಯ ದೀಪಗಳಿಗೆ ಅಷ್ಟು ಸಾಲುತ್ತದೆ.

ಪೆಟ್ರೋಲ್ ಎಷ್ಟು ಬೇಕು, ಎಷ್ಟು ಸಂಗ್ರಹಿಸಬಹುದು?

2 ಕೆವಿಎ ಯಂತ್ರ ಅರ್ಧ ಹೊರೆಯಲ್ಲಿ ತಾಸಿಗೆ ಒಂದು ಲೀಟರಿನ ಆಸುಪಾಸು ಕುಡಿಯುತ್ತದೆ. ಒಳ್ಳೆಯ ಹೊರೆ ಇದ್ದಾಗಲೂ ಒಂದು ಲೀಟರಿಗೆ ಸಿಗುವುದು ಒಂದೂವರೆ ಯೂನಿಟ್. ಲೀಟರಿಗೆ ನೂರು ರೂಪಾಯಿ ಎಂದರೂ ಯೂನಿಟ್ಟಿಗೆ 65 ರೂಪಾಯಿ ದಾಟಿತು. ಎರಡು ದೀಪಗಳಿಗಾಗಿ ರಾತ್ರಿಯಿಡೀ ಓಡಿಸುವುದು ಶುದ್ಧ ನಷ್ಟ. ದಿನಕ್ಕೆ ಮೂರು ತಾಸಿನಂತೆ ಐದು ದಿನಕ್ಕೆ ಸುಮಾರು 15 ಲೀಟರ್ ಬೇಕು. ಘಟ್ಟದ ರಸ್ತೆ ಮುಚ್ಚಿದರೂ ಇಷ್ಟರಲ್ಲಿ ಸುಧಾರಿಸಬಹುದು.

ಸ್ವಂತ ಬಳಕೆಗೆ ಪರವಾನಗಿ ಇಲ್ಲದೆ 30 ಲೀಟರ್‌ವರೆಗೆ ಪೆಟ್ರೋಲ್ ಇಟ್ಟುಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಅದು ಬಿಗಿ ಮುಚ್ಚಳದ ಲೋಹದ ಡಬ್ಬಿಯಲ್ಲಿ, ಅಡುಗೆ ಒಲೆ ಮತ್ತು ಬಚ್ಚಲ ಒಲೆಗಳಿಂದ ದೂರದಲ್ಲಿ, ಮಕ್ಕಳ ಕೈಗೆ ಸಿಗದಂತಿರಬೇಕು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುವುದರಿಂದ ಅದು ಗಾಳಿಯ ತೇವವನ್ನು ಹೀರುತ್ತದೆ. ಮೇ ಕೊನೆಯಲ್ಲಿ ತಂದದ್ದನ್ನು ತಿಂಗಳೊಳಗೆ ಬೈಕಿಗೆ ಸುರಿದು, ಹೊಸದನ್ನು ತುಂಬಿಸಿಡುತ್ತಾ ಹೋಗಿ. ಎಂಜಿನ್ ಬಿಸಿ ಇರುವಾಗ, ಓಡುತ್ತಿರುವಾಗ ಟ್ಯಾಂಕಿಗೆ ಪೆಟ್ರೋಲ್ ಹಾಕಲೇಬಾರದು.

ನಿರ್ವಹಣೆ ಹೇಗೆ? ಕಾರವಾರದ ಉಪ್ಪು ಗಾಳಿಗೆ ಬೇಗ ತುಕ್ಕು ಹಿಡಿಯುವುದಿಲ್ಲವೇ?

ಹೊಸ ಯಂತ್ರ ಹೆಚ್ಚಾಗಿ ಎಂಜಿನ್ ಎಣ್ಣೆ ಇಲ್ಲದೆಯೇ ಬರುತ್ತದೆ, ಎಣ್ಣೆ ಹಾಕದೆ ಹಗ್ಗ ಎಳೆಯಬೇಡಿ. ಮೊದಲ ಬಾರಿಗೆ 20 ತಾಸಿನ ನಂತರ, ಆಮೇಲೆ 100 ತಾಸಿಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಎಣ್ಣೆ ಬದಲಿಸಬೇಕು. ತಿಂಗಳಿಗೊಮ್ಮೆ ಕಾಲು ಗಂಟೆ ಹೊರೆ ಹಾಕಿ ಓಡಿಸಿ. ಹಲವು ತಿಂಗಳು ಬಳಸುವುದಿಲ್ಲ ಎಂದಾದರೆ ಪೆಟ್ರೋಲ್ ಕಾಕ್ ಮುಚ್ಚಿ, ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಲು ಬಿಡಬೇಕು. ಕಾರ್ಬ್ಯುರೇಟರ್ ಖಾಲಿಯಾದರೆ ಮುಂದಿನ ಮಳೆಗಾಲದಲ್ಲಿ ಅದರ ಜೆಟ್ ಕಟ್ಟಿಕೊಂಡಿರುವುದಿಲ್ಲ.

ಕಾರವಾರ, ಕುಮಟಾ, ಹೊನ್ನಾವರದ ಕಡೆಯವರು ಪ್ರತಿ ಬಾರಿ ಬಳಸಿದ ಮೇಲೆ ಒಣಬಟ್ಟೆಯಿಂದ ಒರೆಸಿ, ಸಾಕೆಟ್‌ಗಳಿಗೆ ಹಸಿರು ಕಿಲುಬು ಹಿಡಿದಿದೆಯೇ ಎಂದು ನೋಡಬೇಕು. ಬಿಸಿ ಪೂರ್ತಿ ಆರಿದ ಮೇಲೆಯೇ ಹೊದಿಕೆ ಹಾಕಬೇಕು, ಇಲ್ಲವಾದರೆ ಒಳಗೆ ತೇವ ಕೂರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬೇರೆಯದೇ ಕಾಟ. ಬೇಸಿಗೆಯಿಡೀ ಸುಮ್ಮನೆ ನಿಂತ ಯಂತ್ರದ ಸೈಲೆನ್ಸರ್ ತೂತಿನಲ್ಲಿ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿರುತ್ತದೆ, ಏರ್ ಫಿಲ್ಟರ್ ಪೆಟ್ಟಿಗೆಯಲ್ಲಿ ಇಲಿ ಹತ್ತಿ ತುಂಬಿರುತ್ತದೆ. ಚಾಲೂ ಆಗದ ಯಂತ್ರವನ್ನು ಮೆಕ್ಯಾನಿಕ್ ಬಳಿ ಹೊತ್ತೊಯ್ಯುವ ಮುನ್ನ ಟಾರ್ಚ್ ಹಿಡಿದು ಈ ಎರಡು ಜಾಗಗಳನ್ನು ನೋಡಿ.

ಡೀಸೆಲ್ ಅಥವಾ ಗ್ಯಾಸ್ ಜನರೇಟರ್ ಒಳ್ಳೆಯದೇ?

ಡೀಸೆಲ್ ಯಂತ್ರ ಹೆಚ್ಚು ಬಾಳುತ್ತದೆ, ಆದರೆ ಭಾರ, ಬೆಲೆ, ಸದ್ದು ಎಲ್ಲವೂ ಹೆಚ್ಚು. ವರ್ಷಕ್ಕೆ ಕೆಲವೇ ದಿನ ಬಳಸುವ ಮನೆಗೆ ಅದು ಬೇಕಿಲ್ಲ. ಅಡುಗೆಗೆಂದು ಕೊಟ್ಟ ಸಿಲಿಂಡರನ್ನು ಜನರೇಟರ್‌ಗೆ ಜೋಡಿಸುವುದು ಕಾನೂನಿಗೆ ವಿರುದ್ಧ.

ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಮೇಲಿರುವ ಹಿರಿಯರಿದ್ದಾರೆ. ಜನರೇಟರ್ ಸಾಕೇ?

5 ಲೀಟರ್‌ನ ಕಾನ್ಸಂಟ್ರೇಟರ್ ಸುಮಾರು 350 ವಾಟ್ ಎಳೆಯುವುದರಿಂದ 2 ಕೆವಿಎ ಯಂತ್ರಕ್ಕೆ ಅದು ಹೊರೆಯಲ್ಲ. ಆದರೂ ಹಗ್ಗ ಎಳೆದು ಚಾಲೂ ಮಾಡಬೇಕಾದ ಒಂದು ಎಂಜಿನ್ನಿನ ಮೇಲೆ ಉಸಿರನ್ನು ನಿಲ್ಲಿಸಬಾರದು. ವೈದ್ಯರನ್ನು ಕೇಳಿ ಒಂದು ತುಂಬಿದ ಆಕ್ಸಿಜನ್ ಸಿಲಿಂಡರ್ ಮನೆಯಲ್ಲಿಟ್ಟಿರಿ, ಮತ್ತು ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ ದೂರು ಕೊಡುವಾಗ ಮನೆಯಲ್ಲಿ ಇಂಥ ರೋಗಿ ಇದ್ದಾರೆ ಎಂದು ಮೊದಲೇ ತಿಳಿಸಿರಿ.

ಅಕ್ಕಪಕ್ಕದ ಎರಡು-ಮೂರು ಮನೆಯವರು ಸೇರಿ ಒಂದನ್ನು ಕೊಳ್ಳಬಹುದೇ?

ಖಂಡಿತ ಕೊಳ್ಳಬಹುದು. ದಿನಕ್ಕೆ ಎರಡು-ಮೂರು ತಾಸು ಮಾತ್ರ ಓಡಿಸುವುದಾದರೆ ಮೂರು ಮನೆಗಳಿಗೆ ಒಂದೇ ಯಂತ್ರ ಸರದಿಯಲ್ಲಿ ಸಾಲುತ್ತದೆ. ತಲಾ ಒಂದು ಅಗ್ಗದ ಯಂತ್ರ ತರುವ ಬದಲು ಮೂವರೂ ಹಣ ಸೇರಿಸಿ ಒಂದು ಉತ್ತಮ ಯಂತ್ರ ತರುವುದು ಜಾಣತನ ಎಂದೇ ನಾನು ಹೇಳುತ್ತೇನೆ. ಆದರೆ ಒಂದು ಮನೆಯಲ್ಲಿ ಯಂತ್ರವಿಟ್ಟು ತೋಟದ ಮರಗಳಿಗೆ ವೈರ್ ಕಟ್ಟಿ ಇನ್ನೊಂದು ಮನೆಗೆ ಎಳೆಯಬಾರದು, ಗಾಳಿಗೆ ಅಡಿಕೆ ಹೆಡಲು ಬಿದ್ದರೂ ಅದು ಕಡಿಯುತ್ತದೆ. ಪ್ರತಿ ಮನೆಯಲ್ಲಿಯೂ ಚೇಂಜ್‌ಓವರ್ ಸ್ವಿಚ್ ಮತ್ತು ಒಂದೇ ಅಳತೆಯ ಪ್ಲಗ್ ಇರುವ ಕೇಬಲ್ ಸಿದ್ಧವಿರಲಿ, ಯಂತ್ರವೇ ಮನೆಯಿಂದ ಮನೆಗೆ ಹೋಗಲಿ. 2 ಕೆವಿಎ ಯಂತ್ರ ಸುಮಾರು 40 ಕಿಲೋ ತೂಗುವುದರಿಂದ ಚಕ್ರ ಮತ್ತು ಹಿಡಿಕೆ ಇರುವ ಮಾದರಿಯನ್ನೇ ಆರಿಸಿ. ಎಣ್ಣೆ ಬದಲಿಸಿದ ದಿನ ಮತ್ತು ಓಡಿದ ತಾಸುಗಳನ್ನು ಬರೆಯಲು ಯಂತ್ರದ ಜೊತೆಗೇ ಒಂದು ಪುಸ್ತಕ ಇಟ್ಟರೆ, ಯಾರ ಸರದಿಯಲ್ಲಿ ಏನಾಯಿತು ಎಂಬ ಮಾತು ಬರುವುದಿಲ್ಲ.